ಏರಿನ ಅರಿವು

ಒಂದು ಸೀಮೆಯನ್ನು ಬಲ್ಲವರೆಂದರೆ ಅಲ್ಲಿನ ಊರು, ಬೆಳೆ, ಜನ, ಮಾತು ಇವುಗಳನ್ನು ಬಲ್ಲವರೆಂದೇ ಸಾಮಾನ್ಯವಾಗಿ ಎಣಿಸಲಾಗುತ್ತದೆ. ಅಲ್ಲಿನ ನೆಲ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಆ ಏರು ಎಷ್ಟು ದೂರ ಸಾಗುತ್ತದೆ ಎಂಬ ತಿಳಿವನ್ನು ಅರಿವಿನ ಲೆಕ್ಕಕ್ಕೆ ಸೇರಿಸುವವರು ಕಡಿಮೆ. ಏರನ್ನು ಕಣ್ಣು ದೂರದಿಂದ ಗುಡ್ಡದ ರೂಪದಲ್ಲಿ ಕಾಣುತ್ತದೆ. ಭೂಪಟವು ಅದನ್ನು ಸಮೋನ್ನತಿ ರೇಖೆಗಳಿಂದ, ಎಂದರೆ ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಬಿಂದುಗಳನ್ನು ಕೂಡಿಸುವ ಗೆರೆಗಳಿಂದ ತೋರಿಸುತ್ತದೆ. ಇವೆರಡೂ ಅಲ್ಲದೆ ತೊಡೆ, ಉಸಿರು, ಬೆನ್ನುಗಳ ಮೂಲಕ ಬರುವ ಮೂರನೆಯ ತಿಳಿವೊಂದಿದೆ. ಈ ಮೂರನೆಯದು ಮೊದಲೆರಡರ ಒರಟು ರೂಪವೆಂಬ ಅಭಿಪ್ರಾಯ ತಪ್ಪೆಂದೂ, ಸೈಕಲ್ ಸವಾರಿಯು ಅದನ್ನು ದೊರಕಿಸಿಕೊಡುವ ಅತ್ಯುತ್ತಮ ಸಾಧನವೆಂದೂ, ಆದರೆ ಸವಾರನ ಸ್ಥಿತಿಗತಿಯನ್ನು ಗಮನಿಸದೆ ಆ ಅರಿವನ್ನು ಹೊಗಳುವುದು ಅನ್ಯಾಯವೆಂದೂ ಇಲ್ಲಿ ವಾದಿಸಲಾಗಿದೆ.

ಹಿರಿಯೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ, ಸುತ್ತಲಿನವರು ಜೆ.ಜಿ. ಹಳ್ಳಿ ಎಂದು ಚಿಕ್ಕದಾಗಿಸಿ ಕರೆಯುವ ಜವನಗೊಂಡನಹಳ್ಳಿಯು ಶಿರಾ ಮತ್ತು ಹಿರಿಯೂರುಗಳ ನಡುವೆ, ಹಿಂದೆ 4ನೆಯ ಸಂಖ್ಯೆ ಹೊತ್ತು ಈಗ 48 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿದೆ. ಬೆಂಗಳೂರಿನಿಂದ ಚಿತ್ರದುರ್ಗದ ಕಡೆಗೆ ಬಸ್ಸಿನಲ್ಲಿ ಹೋಗುವವರ ಕಣ್ಣಿಗೆ ಈ ಭಾಗವು ಬಯಲುಸೀಮೆಯೆಂಬ ಹೆಸರಿಗೆ ತಕ್ಕಂತೆ ಮಟ್ಟಸವಾಗಿಯೇ ಕಾಣುತ್ತದೆ, ಏಕೆಂದರೆ ಎಂಜಿನ್ನು ಸಣ್ಣಪುಟ್ಟ ಏರುಗಳನ್ನೆಲ್ಲ ಪ್ರಯಾಣಿಕನಿಗೆ ಸುದ್ದಿಯೇ ತಲುಪದಂತೆ ನುಂಗಿಬಿಡುತ್ತದೆ. ಅದೇ ಸೀಮೆಯ ಹಳ್ಳಿದಾರಿಯಲ್ಲಿ ಸೈಕಲ್ ತುಳಿಯುವವನಿಗೆ ನೆಲವು ಅಲೆಅಲೆಯಾಗಿ ಎದ್ದು ಬಿದ್ದಿರುವುದು ಮೊದಲ ಅರ್ಧ ಗಂಟೆಯೊಳಗೇ ಗೊತ್ತಾಗುತ್ತದೆ. ಪೆಡಲ್ ಹಗುರವಾಯಿತೆಂದರೆ ಮುಂದೆ ಒಂದು ಹಳ್ಳವೋ ಮೋರಿಯೋ ಕೆರೆಯ ಏರಿಯೋ ಇದೆಯೆಂದು, ಪೆಡಲ್ ಬಿಗಿಯಿತೆಂದರೆ ಕಲ್ಲುಮರಡಿಯ ಬೆನ್ನು ಹತ್ತುತ್ತಿದೆಯೆಂದು ಅವನು ಕಣ್ಣೆತ್ತಿ ನೋಡದೆಯೂ ಹೇಳಬಲ್ಲ.

ಇಲ್ಲೊಂದು ಆಳವಾದ ಸಂಗತಿಯಿದೆ. ಇಳಿಜಾರಿನಲ್ಲಿ ಪೆಡಲ್ ಬಿಟ್ಟ ಸೈಕಲ್ಲೂ ಮಳೆಯ ನೀರೂ ಒಂದೇ ನಿಯಮಕ್ಕೆ ಒಳಪಟ್ಟವು, ಆದ್ದರಿಂದ ಸವಾರನ ಕಾಲು ಕಲಿತದ್ದು ನೀರಿನ ದಾರಿಯನ್ನೇ. ಈ ಭಾಗದ ಸುವರ್ಣಮುಖಿ ಹೊಳೆ, ಅದಕ್ಕೆ ಅಡ್ಡಲಾಗಿ ಕಟ್ಟಿದ ಗಾಯತ್ರಿ ಜಲಾಶಯ, ಹೊಳೆಯು ಹೋಗಿ ಸೇರುವ ವೇದಾವತಿ, ಇವೆಲ್ಲವೂ ಆ ಕಣ್ಣಿಗೆ ಬೀಳದ ಏರಿಳಿತಗಳ ಫಲ. ಹಿರಿಯೂರಿನ ಆಚೆಗೆ ಎರಡು ಗುಡ್ಡಗಳ ನಡುವಿನ ಸಂದಿನಲ್ಲಿ ವೇದಾವತಿಗೆ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವನ್ನು ಜನ ಇಂದಿಗೂ ಮಾರಿಕಣಿವೆ ಎಂದೇ ಕರೆಯುತ್ತಾರೆ, ಎಂದರೆ ಕಟ್ಟೆಯ ಹೆಸರಿಗಿಂತ ನೆಲದ ಆಕಾರದ ಹೆಸರೇ ಅವರ ಬಾಯಲ್ಲಿ ಗಟ್ಟಿಯಾಗಿ ನಿಂತಿದೆ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮಳೆ ಇಷ್ಟು ಅಪರೂಪವಾದ ಸೀಮೆಯಲ್ಲಿ ನೀರು ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಬಲ್ಲ ಅರಿವು ಬದುಕಿಗೆ ಆಧಾರವಾದದ್ದು. ಕುರಿಯ ಹಿಂದೆ ನಡೆಯುವ ಕಾಡುಗೊಲ್ಲರಿಗೆ ಅದು ಕಾಲ್ನಡಿಗೆಯಿಂದಲೇ ಸಿದ್ಧಿಸಿದೆ. ನಡಿಗೆಗೂ ಸೈಕಲ್ಲಿಗೂ ಇರುವ ಭೇದವೆಂದರೆ, ನಡೆಯುವವನು ಒಂದು ಹಳ್ಳವನ್ನು ಬಲ್ಲ ಹೊತ್ತಿನಲ್ಲಿ ಸೈಕಲ್ ಸವಾರನು ನಾಲ್ಕು ಹಳ್ಳಗಳನ್ನೂ ಅವುಗಳ ನಡುವಿನ ಮೂರು ದಿಬ್ಬಗಳನ್ನೂ ಒಂದೇ ನೆನಪಿನಲ್ಲಿ ಹಿಡಿದಿಡಬಲ್ಲ.

ಈ ನೆನಪಿಗೆ ತೆರುವ ಬೆಲೆ ಎಷ್ಟು? ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ತೂಗಿದರೆ, ಆ ಭಾರವನ್ನು 100 ಮೀಟರ್ ಎತ್ತರಕ್ಕೆ ಒಯ್ಯಲು ಬೇಕಾದ ಕೆಲಸ ಸುಮಾರು 78 ಕಿಲೋಜೂಲ್. ತಿಂದ ಆಹಾರದ ನಾಲ್ಕನೆಯ ಒಂದು ಭಾಗವಷ್ಟೇ ಪೆಡಲಿಗೆ ತಲುಪುತ್ತದೆಂದು ಹಿಡಿದರೂ ಒಟ್ಟು ಖರ್ಚು ಸುಮಾರು 75 ಕಿಲೋಕ್ಯಾಲರಿ, ಎಂದರೆ ಒಂದು ದೊಡ್ಡ ಬಾಳೆಹಣ್ಣಿನಷ್ಟೂ ಇಲ್ಲ. ಚಿಂತಕ ಇವಾನ್ ಇಲಿಚ್ 1974ರಲ್ಲಿ ಶಕ್ತಿ ಮತ್ತು ಸಮಾನತೆಯನ್ನು ಕುರಿತ ತನ್ನ ಕಿರುಹೊತ್ತಗೆಯಲ್ಲಿ, ಸೈಕಲ್ ಸವಾರನು ಕಾಲ್ನಡಿಗೆಯವನಿಗಿಂತ ಮೂರು ನಾಲ್ಕು ಪಟ್ಟು ಬೇಗ ಸಾಗುತ್ತಲೇ ಐದನೆಯ ಒಂದು ಪಾಲು ಶಕ್ತಿಯನ್ನಷ್ಟೇ ಬಳಸುತ್ತಾನೆಂದು ತೋರಿಸಿದ. ಆದರೆ ಅವನ ಲೆಕ್ಕ ಮಟ್ಟಸ ನೆಲದ್ದು, ಗಾಳಿಯಿಲ್ಲದ ದಿನದ್ದು. ಆಷಾಢದಲ್ಲಿ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಪಡುವಣ ಗಾಳಿಗೆ ಎದುರಾಗಿ ಹಿರಿಯೂರಿನ ಕಡೆಗೆ ತುಳಿಯುವವನಿಗೆ ಬಯಲೇ ಏರಾಗುತ್ತದೆ, ಅದೂ ತುದಿಯಿಲ್ಲದ ಏರು; ಗುಡ್ಡ ಹತ್ತಿದವನಿಗೆ ಆಮೇಲೆ ಇಳಿಜಾರು ಉಂಟು, ಗಾಳಿಗೆದುರಾದವನಿಗೆ ಹಾಗೆ ಹಿಂದಕ್ಕೆ ಬರುವುದು ಏನೂ ಇಲ್ಲ.

ಏರನ್ನು ಮೈಯಿಂದ ಅರಿಯುವುದನ್ನು ಒಂದು ಕಲೆಯಾಗಿ ಬೆಳೆಸಿದ ದೇಶ ಫ್ರಾನ್ಸ್. ಅಲ್ಲಿನ ಗುಡ್ಡಗಾಡು ಹಳ್ಳಿಗಳಲ್ಲಿ ಎರಡು ಕಣಿವೆಗಳ ನಡುವಣ ದಾಟುಜಾಗವನ್ನು ಕೋಲ್ ಎನ್ನುತ್ತಾರೆ; ಆಲ್ಪ್ಸ್ ಮತ್ತು ಪಿರಿನೀಸ್‌ಗಳ ಹಲವು ಕೋಲ್‌ಗಳ ದಾರಿಯಲ್ಲಿ, ಮುಂದಿನ ಕಿಲೋಮೀಟರಿನ ಏರು ಶೇಕಡಾ ಎಷ್ಟು, ಎಂದರೆ ನೂರು ಮೀಟರ್ ಸಾಗಿದರೆ ಎಷ್ಟು ಮೀಟರ್ ಎತ್ತರ ಎಂಬುದನ್ನು ಸೈಕಲ್ ಸವಾರರಿಗೆಂದೇ ಕಲ್ಲು ನೆಟ್ಟು ಬರೆದಿರುತ್ತಾರೆ. 1853ರಲ್ಲಿ ಹುಟ್ಟಿದ, ವೆಲೋಸಿಯೊ ಎಂಬ ಹೆಸರಿನಿಂದ ಬರೆಯುತ್ತಿದ್ದ ಪಾಲ್ ದ ವಿವಿ ಎಂಬಾತ ಸೇಂತ್ ಎತಿಯೆನ್ ಪಟ್ಟಣದಲ್ಲಿ ನೆಲೆಸಿ, ಸೈಕಲ್ ಪ್ರವಾಸಕ್ಕೆಂದೇ ಪತ್ರಿಕೆ ನಡೆಸಿ, ಏರಿಗೆ ತಕ್ಕಂತೆ ಬದಲಾಯಿಸುವ ಗೇರುಗಳಿಗಾಗಿ ಬದುಕಿಡೀ ವಾದಿಸಿದ. ಇತ್ತ 1903ರಲ್ಲಿ ಆರಂಭವಾದ ಟೂರ್ ದ ಫ್ರಾನ್ಸ್ ಸ್ಪರ್ಧೆಯ ಸಂಘಟಕರು, ಗೇರು ಬಲಹೀನರಿಗೆ ಎಂಬ ಭಾವನೆಯಿಂದ, ಸರಪಳಿ ಸರಿಸುವ ಗೇರನ್ನು 1937ರವರೆಗೆ ಒಪ್ಪಲಿಲ್ಲ. ಈ ವಿವಾದದಲ್ಲಿ ವೆಲೋಸಿಯೊನ ಪಕ್ಷವೇ ಸರಿ. ಗೇರು ಏರಿನ ಕೆಲಸವನ್ನು ಒಂದಿಷ್ಟೂ ತಗ್ಗಿಸುವುದಿಲ್ಲ. ಅದನ್ನು ಹೆಚ್ಚು ತುಳಿತಗಳಿಗೆ ಹಂಚುತ್ತದೆ, ಅಷ್ಟೇ. ಹಿರಿಯೂರು ಸೀಮೆಯ ಒಂಟಿಗೇರಿನ ಸೈಕಲ್ಲಿನವರು ಇದೇ ತತ್ತ್ವವನ್ನು ಯಂತ್ರವಿಲ್ಲದೆ ಕಂಡುಕೊಂಡಿದ್ದಾರೆ: ಏರು ಬಂದಾಗ ಅವರು ಸೀಟಿನಿಂದೆದ್ದು ನಿಂತು ತುಳಿಯುತ್ತಾರೆ, ಆಮೇಲೆ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹಾವಿನಂತೆ ಅಡ್ಡಡ್ಡ ಸಾಗಿ ದೂರವನ್ನು ಹೆಚ್ಚಿಸಿ ಕಡಿದನ್ನು ತಗ್ಗಿಸುತ್ತಾರೆ, ಅದೂ ಸಾಲದಾದಾಗ ಇಳಿದು ಹ್ಯಾಂಡಲ್ ಹಿಡಿದು ತಳ್ಳುತ್ತಾರೆ. ಇಳಿದು ತಳ್ಳುವುದು ಸೋಲೆಂದು ಬಗೆಯುವುದು ಸ್ಪರ್ಧೆಯ ಬುದ್ಧಿ; ವಾಸ್ತವದಲ್ಲಿ ಅದು ಎಲ್ಲಕ್ಕಿಂತ ಕೆಳಗಿನ ಗೇರು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ರಜೆಯ ದಿನ ಏರನ್ನು ಹುಡುಕಿಕೊಂಡು ಹೋಗುವವನ ಬೆವರೂ, ಶಾಲೆಗೆ ತಡವಾಗುತ್ತದೆಂದು ಏರು ತುಳಿಯುವ ಹುಡುಗಿಯ ಬೆವರೂ ಒಂದೇ ಅರಿವನ್ನು ಕೊಡುತ್ತವೆಯೆ? ನೆಲ ಒಂದೇ, ಸ್ನಾಯುಗಳ ದಣಿವೂ ಒಂದೇ. ಬೇರೆಯಾಗಿರುವುದು ಹಿಂದಿರುಗುವ ಸ್ವಾತಂತ್ರ್ಯ. ಪ್ರವಾಸಿಯು ಸಾಕೆನಿಸಿದಲ್ಲಿ ನಿಲ್ಲಬಲ್ಲನಾದ್ದರಿಂದ ಏರು ಅವನಿಗೆ ನೋಟವಾಗುತ್ತದೆ, ನಿಲ್ಲಲಾಗದವಳಿಗೆ ಅದು ಬರಿಯ ತಡೆ. ಹಾಗೆಂದು ಅವಳ ಅರಿವು ಕಿರಿದಲ್ಲ. ಎದುರುಗಾಳಿ ಯಾವ ತಿಂಗಳಲ್ಲಿ ಎಷ್ಟು ನಿಮಿಷ ತಿನ್ನುತ್ತದೆ, ಯಾವ ಇಳಿಜಾರಿನ ಕೊನೆಯಲ್ಲಿ ಮರಳು ನಿಂತು ಚಕ್ರ ಜಾರುತ್ತದೆ ಎಂಬುದು ಅವಳಿಗೆ ಗೊತ್ತಿರುವಷ್ಟು ಯಾವ ಪ್ರವಾಸಿಗೂ ಗೊತ್ತಾಗದು. ಅವಳಲ್ಲಿ ಇಲ್ಲದ್ದು ಬಿಡುವು, ಅವನಲ್ಲಿ ಇಲ್ಲದ್ದು ಪುನರಾವರ್ತನೆ.

ಫ್ರಾನ್ಸಿನ ಮಾನವಶಾಸ್ತ್ರಜ್ಞ ಮಾರ್ಕ್ ಓಜೆ 1992ರಲ್ಲಿ ಹೆದ್ದಾರಿ, ವಿಮಾನ ನಿಲ್ದಾಣ ಮುಂತಾದ, ಯಾರೂ ನೆಲೆಸದ, ಯಾರ ನೆನಪೂ ಅಂಟದ ತಾಣಗಳನ್ನು ಸ್ಥಳವಲ್ಲದ ಸ್ಥಳಗಳೆಂದು ಕರೆದ. ಅದೇ ಓಜೆ 2008ರಲ್ಲಿ ಸೈಕಲ್ಲನ್ನು ಕೊಂಡಾಡಿ ಒಂದು ಪುಟ್ಟ ಪುಸ್ತಕ ಬರೆದದ್ದು ಆಕಸ್ಮಿಕವಲ್ಲ. ಜವನಗೊಂಡನಹಳ್ಳಿಯು ಹೆದ್ದಾರಿಯಲ್ಲಿ ಓಡುವವರಿಗೆ ಹಸಿರು ಫಲಕದ ಮೇಲಿನ ಉದ್ದನೆಯ ಹೆಸರು ಮಾತ್ರ. ಫ್ರಾನ್ಸಿನಿಂದ ಬಂದ ಬ್ರೆವೆ ಎಂಬ ಪದ್ಧತಿ, ಎಂದರೆ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಿ ಚೀಟಿಗೆ ಮುದ್ರೆ ಹಾಕಿಸಿಕೊಳ್ಳುವ ದೂರಸವಾರಿ, ಈಗ ಬೆಂಗಳೂರಿನಲ್ಲೂ ಬೇರೂರಿದೆ. ಅದರಲ್ಲಿ ಮೈಯ ಸಾಧನೆ ದೊಡ್ಡದು, ಆದರೆ ಗಡಿಯಾರ ನೋಡುತ್ತ ಹೆದ್ದಾರಿಯ ಅಂಚಿನಲ್ಲೇ ಸಾಗುವ ಸವಾರನಿಗೂ ಊರು ಫಲಕವಾಗಿಯೇ ಉಳಿಯುವ ಅಪಾಯವಿದೆ. ಅಂಥವರು ಒಮ್ಮೆ ಹೆದ್ದಾರಿ ಬಿಟ್ಟು ಗಾಯತ್ರಿ ಜಲಾಶಯದ ಕಡೆಗೆ ಹೊರಳುವುದು ಒಳ್ಳೆಯದು.

ಕರ್ನಾಟಕ ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದಾಗ ಹಳ್ಳಿಯ ಮಕ್ಕಳ ಕೈಗೆ ಬಂದದ್ದು ನೆಲವನ್ನು ಅರಿಯುವ ಸಾಧನವೇ. ಆ ಸಾಧನ ಓಡುವ ದಾರಿಯನ್ನು ಕುರಿತು ಅಷ್ಟೇ ಗಂಭೀರವಾದ ಯೋಜನೆ ಇನ್ನೂ ಬರಬೇಕಾಗಿದೆ. ಹಟ್ಟಿಗಳಿಂದ ಹೋಬಳಿಯ ಶಾಲೆಗೆ ಬರುವ ರಸ್ತೆಗಳ ಬದಿಯಲ್ಲಿ ಲಾರಿಗೆ ಅಂಜದೆ ತುಳಿಯಲು, ಏರಿನಲ್ಲಿ ಇಳಿದು ತಳ್ಳಲು, ಒಂದು ಮಾರು ಅಗಲದ ಗಟ್ಟಿ ಅಂಚನ್ನು ಬಿಡುವುದು ರಸ್ತೆ ಕಟ್ಟುವವರು ಮೊದಲು ಮಾಡಬೇಕಾದ ಕೆಲಸ.