ಹೇಳದೆ ಬಿಟ್ಟ ಪಾಠ

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಗೊನೋರಿಯಾ, ಸಿಫಿಲಿಸ್, ಎಚ್.ಐ.ವಿ. ಎಂಬ ಹೆಸರುಗಳೂ ಕಾಂಡೋಮ್ ಎಂಬ ಶಬ್ದವೂ ಅದರಲ್ಲಿ ಅಚ್ಚಾಗಿವೆ. ನಾನು ಕನ್ನಡ ಹೇಳಿಕೊಡುವವಳು. ಆದರೂ ಎಷ್ಟೋ ಶಾಲೆಗಳಲ್ಲಿ ಆ ಪುಟ ಬಂದಾಗ ‘ಮನೆಯಲ್ಲಿ ಓದಿಕೊಳ್ಳಿ’ ಎನ್ನುವುದು ಗೊತ್ತು. ಮನೆಯಲ್ಲಿ ನಾವು ‘ಶಾಲೆಯಲ್ಲಿ ಹೇಳಿರುತ್ತಾರೆ’ ಎಂದು ಸುಮ್ಮನಿರುತ್ತೇವೆ. ಉಳಿದದ್ದನ್ನು ಮೊಬೈಲು ಕಲಿಸುತ್ತದೆ, ತನಗೆ ತೋಚಿದಂತೆ.

ಹೇಳಿದರೆ ಮಕ್ಕಳು ಕೆಟ್ಟಾರು ಎಂಬ ಭಯ ಇಂದಿನದಲ್ಲ. 2007ರಲ್ಲಿ ನಮ್ಮ ರಾಜ್ಯ ಸರ್ಕಾರವೇ ಶಾಲೆಗಳ ಲೈಂಗಿಕ ಶಿಕ್ಷಣಕ್ಕೆ ತಡೆಯೊಡ್ಡಿತ್ತು. ಹೆತ್ತವರ ಈ ಸಂಕಟವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ನಾವು ಕಾಪಾಡುತ್ತಿರುವುದು ಮಗುವಿನ ಮುಗ್ಧತೆಯನ್ನೋ ನಮ್ಮ ಸಂಕೋಚವನ್ನೋ? ಅಂಗದ ಹೆಸರನ್ನೇ ಕಲಿಯದ ಮಗು, ಯಾರೋ ಮುಟ್ಟಬಾರದ ಕಡೆ ಮುಟ್ಟಿದರೆಂದು ಅಮ್ಮನಿಗೆ ಹೇಗೆ ಹೇಳೀತು?

ಹದಿನಾರರ ಹುಡುಗಿಗೆ ತುರಿಕೆ, ಬಿಳಿ ಮುಟ್ಟು ಎಂದಿಟ್ಟುಕೊಳ್ಳಿ. ಅನೇಕ ಸಲ ಅದು ಬರೀ ಶಿಲೀಂಧ್ರದ ಸೋಂಕು. ನಡತೆಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಅಮ್ಮ ಏನೆಂದುಕೊಳ್ಳುತ್ತಾಳೋ ಎಂದು ಬಾಯಿ ಬಿಡುವುದಿಲ್ಲ. ಒಂದು ವೇಳೆ ಅದು ಗೊನೋರಿಯಾ ಆಗಿದ್ದರೆ, ಔಷಧವಿಲ್ಲದೆ ಗರ್ಭನಾಳದವರೆಗೂ ಹಬ್ಬಿ ಮುಂದೆ ಬಂಜೆತನಕ್ಕೆ ಕಾರಣವಾಗಬಹುದು. ಆಗ ‘ಮಕ್ಕಳಾಗಲಿಲ್ಲ’ ಎಂದು ಅವಳನ್ನು ಹಂಗಿಸುವವರೂ ನಾವೇ. ಸಕಾಲದಲ್ಲಿ ತೋರಿಸಿದ್ದರೆ ಔಷಧದಿಂದ ಗುಣವಾಗುತ್ತಿತ್ತು.

ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್.ಪಿ.ವಿ. ಲಸಿಕೆಯ ಮಾತೆತ್ತಿದರೆ ‘ಇಷ್ಟು ಚಿಕ್ಕವಳಿಗೆ ಈಗಲೇ ಯಾಕೆ?’ ಎನ್ನುವ ತಾಯಂದಿರಿದ್ದಾರೆ. ವೈರಸ್ಸು ಸೋಕುವ ಮೊದಲೇ ಹಾಕಿಸಿದರೆ ತಾನೇ ಅದು ಚೆನ್ನಾಗಿ ಕೆಲಸ ಮಾಡುವುದು! ಅದಕ್ಕೇ 9ರಿಂದ 14ರ ವಯಸ್ಸು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಇನ್ನು ಗಂಡುಮಕ್ಕಳು. ಮಗಳಿಗೆ ಬೇಡಗಳ ದೊಡ್ಡ ಪಟ್ಟಿಯನ್ನೇ ಒಪ್ಪಿಸುವ ನಾವು ಮಗನಿಗೆ ಒಂದು ಮಾತೂ ಹೇಳುವುದಿಲ್ಲ. ರೋಗ ದಾಟುವುದು ಇಬ್ಬರ ನಡುವೆ. ಕಾಂಡೋಮ್ ಅಪಾಯವನ್ನು ಬಹಳ ಮಟ್ಟಿಗೆ ತಗ್ಗಿಸುತ್ತದೆ, ಪೂರ್ತಿ ಇಲ್ಲವಾಗಿಸುವುದಿಲ್ಲ ಎಂಬುದು ಅವನಿಗೂ ತಿಳಿದಿರಬೇಕು. ಬೇಡವೆಂದವಳನ್ನು ಮುಟ್ಟಬಾರದೆಂಬುದು ಅದಕ್ಕಿಂತ ಮೊದಲು. ಹದಿನೆಂಟು ತುಂಬದವರ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆ ‘ಒಪ್ಪಿಗೆ ಇತ್ತು’ ಎಂಬ ಮಾತನ್ನು ಕೇಳುವುದಿಲ್ಲ. ಇದೂ ಅವನಿಗೆ ಗೊತ್ತಿರಲಿ.

ಹಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್ ಇದೆ. ನಾಚಿಕೆಯಾದರೆ ಮೊದಲು ನೀವೇ ಹೋಗಿ ಕೇಳಿ ಬನ್ನಿ. ಮನೆಯಲ್ಲಿ ಎದುರು ಕುಳಿತು ಹೇಳಲು ಬಾಯಿ ಬಾರದಿದ್ದರೆ ಅವರೆಕಾಯಿ ಸುಲಿಯುತ್ತಾ, ತಲೆ ತಗ್ಗಿಸಿಕೊಂಡೇ ಶುರುಮಾಡಬಹುದು. ಮಗನೂ ಮೊರದ ಹತ್ತಿರ ಕೂರಲಿ.