ಮಿಥ್ಯಾನೌಕೆಯಲ್ಲಿ ಮಾಡಿದ ಕರ್ಮ

ಕಣ್ಣಿಗೆ ಕಂಡುದೆಲ್ಲವೂ ಸತ್ಯವಲ್ಲವೆಂದು ಶಾಸ್ತ್ರಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ಮುಸ್ಸಂಜೆಯಲ್ಲಿ ಹಗ್ಗವು ಹಾವಾಗಿ ತೋರುವುದು, ಕಡಲ ದಂಡೆಯ ಚಿಪ್ಪು ಬೆಳ್ಳಿಯಾಗಿ ಹೊಳೆಯುವುದು, ಇವು ಪಾಠಶಾಲೆಯ ಬಾಲಕರಿಗೂ ಪರಿಚಿತವಾದ ದೃಷ್ಟಾಂತಗಳು. ಇವುಗಳಲ್ಲಿ ಭ್ರಮೆಗೊಳಗಾದವನು ತಾನು ಭ್ರಮೆಯಲ್ಲಿರುವೆನೆಂದು ಅರಿಯನು. ಅರಿತ ಕ್ಷಣದಲ್ಲಿಯೇ ಹಾವು ಇಲ್ಲವಾಗುತ್ತದೆ. ಇಂದು ಲೋಕದಲ್ಲಿ ಬೇರೊಂದು ಬಗೆಯ ಭ್ರಮೆಯು ಹುಟ್ಟಿದೆ. ಅದನ್ನು ಮನುಷ್ಯನು ಹಣ ಕೊಟ್ಟು ಕೊಳ್ಳುತ್ತಾನೆ, ತನ್ನ ಕೈಯಿಂದಲೇ ಮುಖಕ್ಕೆ ಕಟ್ಟಿಕೊಳ್ಳುತ್ತಾನೆ, ಇದು ಕಲ್ಪಿತವೆಂದು ಚೆನ್ನಾಗಿ ಬಲ್ಲನು. ಆದರೂ ಹಾವು ಮಾಯವಾಗುವುದಿಲ್ಲ. ಬಲ್ಲವನಾಗಿಯೂ ಅಂಜುತ್ತಾನೆ, ಬಲ್ಲವನಾಗಿಯೂ ಹಿಗ್ಗುತ್ತಾನೆ. ಇದಕ್ಕೆ ವರ್ಚುವಲ್ ರಿಯಾಲಿಟಿಯೆಂದು ಹೆಸರು, ಕನ್ನಡದಲ್ಲಿ ಮಿಥ್ಯಾವಾಸ್ತವವೆನ್ನಬಹುದು. ಅಂತಹ ಲೋಕದಲ್ಲಿ ಮಾಡಿದ ಕರ್ಮವು ಕರ್ಮವೇ ಅಲ್ಲವೇ ಎಂಬುದು ಇಲ್ಲಿಯ ವಿಚಾರ.

ಈ ಸಾಧನದ ಮರ್ಮವು ಬಹು ಸರಳವಾದುದು. ಮನುಷ್ಯನ ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನಗಳಿಂದ ಕಾಣುತ್ತವೆ. ಮನಸ್ಸು ಆ ಎರಡನ್ನು ಕೂಡಿಸಿ ದೂರ ಸಮೀಪಗಳನ್ನು ತಿಳಿಯುತ್ತದೆ. ಮುಖಕ್ಕೆ ಕಟ್ಟುವ ಹೆಡ್‌ಸೆಟ್ ಎಂಬ ಸಾಧನವು ಒಂದೊಂದು ಕಣ್ಣಿಗೂ ಬೇರೆ ಬೇರೆ ಚಿತ್ರವನ್ನು ತೋರಿಸಿ, ತಲೆ ತಿರುಗಿದಂತೆಲ್ಲ ಆ ಚಿತ್ರಗಳನ್ನು ಸೆಕೆಂಡಿಗೆ 90 ಬಾರಿಯಂತೆ ಬದಲಿಸುತ್ತದೆ. 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ಎಂಬ ವಿಜ್ಞಾನಿಯು ಇಂತಹುದೊಂದನ್ನು ನಿರ್ಮಿಸಿದಾಗ ಅದನ್ನು ಚಾವಣಿಯಿಂದ ತೂಗುಹಾಕಬೇಕಾಗಿತ್ತು. ಇಂದು ಅದನ್ನು ಚೀಲದಲ್ಲಿ ಒಯ್ಯಬಹುದು. ಹರಿಹರದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮೂರ್ತಿಯನ್ನು ಕಂಡವರಿಗೆ ಎರಡು ರೂಪಗಳು ಒಂದಾಗುವ ಸಂಗತಿ ಹೊಸದಲ್ಲ. ಬಲಗಡೆ ಹರ, ಎಡಗಡೆ ಹರಿ, ನಡುವೆ ಸಂದಿಲ್ಲ. ಆದರೆ ಆ ಮೂರ್ತಿಯು ತನ್ನ ಎರಡುತನವನ್ನು ಮರೆಮಾಡುವುದಿಲ್ಲ. ತ್ರಿಶೂಲವೂ ಚಕ್ರವೂ ನೋಡುವವನ ಎದುರಿನಲ್ಲಿಯೇ ಇವೆ. ಯಂತ್ರವು ತೋರಿಸುವ ಎರಡು ಚಿತ್ರಗಳಾದರೋ ಎರಡೆಂಬುದೇ ತಿಳಿಯದಂತೆ ಬೆರೆತರೆ ಮಾತ್ರ ಸಫಲ.

ವಿಚಾರಕ್ಕೆ ಒಂದು ನಿಶ್ಚಿತವಾದ ಉದಾಹರಣೆ ಬೇಕು. ಅಮೆರಿಕದಲ್ಲಿ 1966ನೆಯ ಸಪ್ಟೆಂಬರಿನಲ್ಲಿ ಸ್ಟಾರ್ ಟ್ರೆಕ್ ಎಂಬ ದೂರದರ್ಶನ ಕಥಾಮಾಲೆಯು ಮೊದಲಾಯಿತು. ಜೀನ್ ರಾಡೆನ್‌ಬೆರಿ ಎಂಬಾತನು ಅದನ್ನು ಕಲ್ಪಿಸಿದನು. ನಾನಾ ದೇಶ, ನಾನಾ ವರ್ಣಗಳ ಜನರು ಒಂದೇ ನೌಕೆಯಲ್ಲಿ ನಕ್ಷತ್ರಲೋಕಗಳನ್ನು ಸುತ್ತುವ ಕಥೆ ಅದು. 1987ರಲ್ಲಿ ಆರಂಭವಾದ ಅದರ ಇನ್ನೊಂದು ಮಾಲೆಯಲ್ಲಿ, ಬೇಕಾದ ಲೋಕವನ್ನು ಬೇಕಾದಂತೆ ನಿರ್ಮಿಸಿಕೊಂಡು ಒಳಹೊಕ್ಕು ವಿಹರಿಸುವ ಕೊಠಡಿಯೊಂದು ನೌಕೆಯೊಳಗೆ ಬರುತ್ತದೆ. ಮಿಥ್ಯಾವಾಸ್ತವದ ಪ್ರಶ್ನೆಯನ್ನು ಈ ಕಥೆಗಾರರು ಸಾಧನವು ಮನೆಮನೆಗೆ ಬರುವುದಕ್ಕೆ ಎಷ್ಟೋ ಮೊದಲು ಎತ್ತಿದ್ದರು. ಅದೇ ಕಥೆಯನ್ನಾಧರಿಸಿ ರೆಡ್ ಸ್ಟಾರ್ಮ್ ಸಂಸ್ಥೆಯು ನಿರ್ಮಿಸಿ ಯೂಬಿಸಾಫ್ಟ್ ಸಂಸ್ಥೆಯು 2017ನೆಯ ಮೇ ತಿಂಗಳಲ್ಲಿ ಹೊರತಂದ ಆಟದ ಹೆಸರು ಸ್ಟಾರ್ ಟ್ರೆಕ್: ಬ್ರಿಡ್ಜ್ ಕ್ರೂ.

ಆಟದಲ್ಲಿ ನಾಲ್ವರು. ಒಬ್ಬ ನಾಯಕ, ಒಬ್ಬ ಚುಕ್ಕಾಣಿ ಹಿಡಿಯುವವನು, ಒಬ್ಬ ಆಯುಧ ಮತ್ತು ರಕ್ಷಣೆಗಳನ್ನು ನೋಡಿಕೊಳ್ಳುವವನು, ಒಬ್ಬ ಯಂತ್ರಶಕ್ತಿಯನ್ನು ಹಂಚುವವನು. ನಾಲ್ವರೂ ನಾಲ್ಕು ಊರುಗಳಲ್ಲಿ, ಒಮ್ಮೊಮ್ಮೆ ನಾಲ್ಕು ದೇಶಗಳಲ್ಲಿ, ತಮ್ಮ ತಮ್ಮ ಮನೆಯ ಕುರ್ಚಿಗಳಲ್ಲಿ ಕುಳಿತಿರುತ್ತಾರೆ. ಹೆಡ್‌ಸೆಟ್ ಕಟ್ಟಿಕೊಂಡೊಡನೆ ನಾಲ್ವರೂ ಏಜಿಸ್ ಎಂಬ ನೌಕೆಯ ಚಾಲನಕೊಠಡಿಯಲ್ಲಿ ಎದುರುಬದುರಾಗುತ್ತಾರೆ. ತಮ್ಮ ಗ್ರಹವನ್ನೇ ಕಳೆದುಕೊಂಡ ವಲ್ಕನ್ ಎಂಬ ಜನಾಂಗಕ್ಕೆ ಹೊಸ ನೆಲೆಯನ್ನು ಹುಡುಕಬೇಕು. ದಾರಿಯಲ್ಲಿ ಕ್ಲಿಂಗನ್ ಎಂಬ ವೈರಿಗಳು. ಆಟದ ರಚನೆಯಲ್ಲಿ ಒಂದು ವಿಶೇಷವುಂಟು. ನಾಯಕನ ಕೈಯಲ್ಲಿ ಚುಕ್ಕಾಣಿಯೂ ಇಲ್ಲ, ಆಯುಧವೂ ಇಲ್ಲ. ಅವನಿಗಿರುವುದು ಮಾತು ಮಾತ್ರ. ದೂರದ ನಕ್ಷತ್ರಕ್ಕೆ ಜಿಗಿಯಬೇಕಾದರೆ ಶಕ್ತಿಯನ್ನು ಒಬ್ಬನು ತುಂಬಬೇಕು, ದಿಕ್ಕನ್ನು ಇನ್ನೊಬ್ಬನು ಹೊಂದಿಸಬೇಕು. ಒಬ್ಬನು ತಪ್ಪಿದರೆ ನಾಲ್ವರೂ ನಿಂತಲ್ಲಿಯೇ ನಿಲ್ಲುತ್ತಾರೆ.

ಈ ಆಟವನ್ನು ಆಡಿದವರ ಅಭಿಪ್ರಾಯಗಳು ಬಹುವಿಧವಾಗಿವೆ. ತಾವು ನಿಜವಾಗಿ ಆ ನೌಕೆಯಲ್ಲಿದ್ದೆವೆಂದೂ, ಬಾಲ್ಯದಿಂದ ಕಂಡ ಕನಸು ಕೈಗೂಡಿತೆಂದೂ ಹೇಳಿದವರು ಅನೇಕರು. ಕಥಾಭಾಗವು ಬಹು ಚಿಕ್ಕದು, ಒಂದೆರಡು ಸಂಜೆಗಳಲ್ಲಿ ಮುಗಿಯುವುದು, ಆಮೇಲಿನ ಸಾಹಸಗಳೆಲ್ಲ ಒಂದೇ ತೆರನೆಂದು ಗೊಣಗಿದವರು ಅಷ್ಟೇ ಮಂದಿ. 1966ರ ಹಳೆಯ ಎಂಟರ್‌ಪ್ರೈಸ್ ನೌಕೆಯ ಚಾಲನಕೊಠಡಿಯನ್ನೂ ಆಟದಲ್ಲಿರಿಸಿದ್ದಾರೆ; ಅಲ್ಲಿಯ ಗುಂಡಿಗಳಿಗೆ ಹೆಸರೇ ಇಲ್ಲವಾದ್ದರಿಂದ ಅದು ಕೆಲವರಿಗೆ ಪರಮಾನಂದ, ಕೆಲವರಿಗೆ ತಲೆನೋವು. ಮಿಥ್ಯಾವಾಸ್ತವದ ಅನೇಕ ಆಟಗಳಲ್ಲಿ ಓಕರಿಕೆ ಬರುವುದುಂಟು. ಕಣ್ಣು ಚಲಿಸುತ್ತಿರುವೆನೆನ್ನುತ್ತದೆ, ಒಳಗಿವಿಯು ಕುಳಿತಿರುವೆನೆನ್ನುತ್ತದೆ. ಆ ಕಲಹದ ಫಲವೇ ಅದು. ಇಲ್ಲಿ ಆಡುವವನೂ ಕುಳಿತಿದ್ದಾನೆ, ಅವನ ಪಾತ್ರವೂ ಕುಳಿತಿದೆ. ಆದುದರಿಂದ ಬಾಧೆ ಕಡಮೆಯೆಂದು ಹಲವರು ಮೆಚ್ಚಿದರು. ಇವೆಲ್ಲ ಗುಣದೋಷಗಳ ಮಾತು, ಪೇಟೆಯಲ್ಲಿ ಯಾವ ಸರಕಿಗಾದರೂ ಸಲ್ಲತಕ್ಕವು.

ವಿಚಾರಕ್ಕೆ ಯೋಗ್ಯವಾದ ದೂರು ಬೇರೊಂದಿದೆ. ಆಡಿದವರಲ್ಲಿ ಯಾರೂ ನಕ್ಷತ್ರಗಳು ಸುಳ್ಳೆಂದು ನೊಂದುಕೊಳ್ಳಲಿಲ್ಲ. ಅವರು ನೊಂದುಕೊಂಡದ್ದು ಸಂಗಾತಿಗಳ ವಿಷಯದಲ್ಲಿ. ಆಟದ ನಡುವೆ ಮಾತಿಲ್ಲದೆ ಎದ್ದುಹೋದವನು, ನಾಯಕನ ಮಾತನ್ನು ಕೇಳಿಯೂ ಕೇಳದಂತೆ ಮನಬಂದತ್ತ ನೌಕೆಯನ್ನು ತಿರುಗಿಸಿದವನು, ಹೊಸಬನ ತಡವರಿಕೆಯನ್ನು ಹಂಗಿಸಿದವನು, ಇಂಥವರ ಮೇಲೆ ಅವರಿಗೆ ಕೋಪ. ಒಳ್ಳೆಯ ಸಂಗಾತಿಗಳು ದೊರೆತ ದಿನ ಆಟವು ಅಮೃತ, ದೊರೆಯದ ದಿನ ವಿಷವೆಂಬುದೇ ಅವರ ಅಭಿಪ್ರಾಯಗಳ ಸಾರ. ಸುಳ್ಳಿನ ನೌಕೆಯಲ್ಲಿ ಕುಳಿತವರು ನಿಜವಾದ ಮಾತುಗೇಡಿತನಕ್ಕೆ ನಿಜವಾಗಿಯೇ ನೋಯುತ್ತಾರೆ. ನೌಕೆಯು ಮಿಥ್ಯೆಯಾದ ಮಾತ್ರಕ್ಕೆ ಕೊಟ್ಟ ಮಾತೂ ಮಿಥ್ಯೆಯಾಗಲಿಲ್ಲ.

ಇಲ್ಲಿ ಪೂರ್ವಪಕ್ಷಿಯು ಹೀಗೆನ್ನಬಹುದು: ಸ್ವಪ್ನದಲ್ಲಿ ಕಳವು ಮಾಡಿದವನನ್ನು ಯಾರೂ ಕಳ್ಳನೆನ್ನುವುದಿಲ್ಲ, ಮಿಥ್ಯಾಲೋಕವೂ ಎಚ್ಚರದಲ್ಲಿ ಕಾಣುವ ಸ್ವಪ್ನವೇ, ಆದುದರಿಂದ ಅಲ್ಲಿಯ ಕರ್ಮಕ್ಕೆ ಲೇಪವಿಲ್ಲ. ಈ ವಾದವು ನಿಲ್ಲದು. ಸ್ವಪ್ನದಲ್ಲಿ ಕರ್ಮವು ತೋರುತ್ತದೆ, ಸಂಕಲ್ಪವು ಸ್ವಾಧೀನವಿರುವುದಿಲ್ಲ. ಆಟದಲ್ಲಿ ವಸ್ತುವು ಕಲ್ಪಿತ, ಸಂಕಲ್ಪವು ಪೂರ್ಣವಾಗಿ ಎಚ್ಚತ್ತಿದೆ. ಗುಂಡಿಯನ್ನು ಒತ್ತಿದ ಬೆರಳು ಅವನದೇ, ಒತ್ತಬೇಕೆಂಬ ಬುದ್ಧಿಯೂ ಅವನದೇ.

ಇನ್ನೊಬ್ಬನು ನಾಟ್ಯಶಾಸ್ತ್ರದ ಆಶ್ರಯ ಪಡೆಯಬಹುದು. ಬಯಲಾಟದಲ್ಲಿ ಹರಿಶ್ಚಂದ್ರನು ಹೆಂಡತಿ ಮಕ್ಕಳನ್ನು ಮಾರುವುದನ್ನು ಕಂಡು ಊರಿನ ಜನರು ಕಣ್ಣೀರಿಡುತ್ತಾರೆ. ಆ ಕಣ್ಣೀರು ಸುಳ್ಳಲ್ಲ, ಆದರೆ ಅದು ಸ್ವಂತದ ದುಃಖವೂ ಅಲ್ಲ. ಅಭಿನವಗುಪ್ತಾಚಾರ್ಯರು ವಿವರಿಸಿದ ಸಾಧಾರಣೀಕರಣದಿಂದ ಅದು ರಸವಾಗುತ್ತದೆ. ಆಟವೂ ಹಾಗೆಯೇ ಏಕಾಗಬಾರದು? ಇದು ಮೊದಲಿನದಕ್ಕಿಂತ ಬಲವಾದ ವಾದ, ಅರ್ಧ ಸತ್ಯವೂ ಹೌದು. ಆದರೆ ಪ್ರೇಕ್ಷಕನು ಹರಿಶ್ಚಂದ್ರನನ್ನು ತಡೆಯಲಾರನು, ಪ್ರೇರಿಸಲಾರನು. ಅವನ ಕೈಗಳು ಕಟ್ಟಿವೆ. ಅದರಿಂದಲೇ ಅವನ ಹೃದಯವು ಬಿಚ್ಚಿದೆ. ಆಟಗಾರನ ಕೈಗಳು ಬಿಚ್ಚಿವೆ. ಮಾರಬೇಕೆ ಬೇಡವೆ ಎಂಬುದನ್ನು ಅವನೇ ನಿರ್ಣಯಿಸಬೇಕು. ಸಹೃದಯನಿಗಿಲ್ಲದ ಹೊಣೆ ಅವನಿಗುಂಟು.

ಈ ಹೊಣೆಯು ಅತ್ಯಂತ ತೀಕ್ಷ್ಣವಾಗಿ ಕಾಣುವುದು ಕೊಬಯಾಶಿ ಮಾರು ಎಂಬ ಪರೀಕ್ಷೆಯಲ್ಲಿ. 1982ರ ಸ್ಟಾರ್ ಟ್ರೆಕ್ ಚಲನಚಿತ್ರದಲ್ಲಿ ಮೊದಲು ಬಂದ ಈ ಪ್ರಸಂಗವನ್ನು ಆಟದಲ್ಲಿಯೂ ಸೇರಿಸಿದ್ದಾರೆ. ಕೊಬಯಾಶಿ ಮಾರು ಎಂಬ ನಾಗರಿಕ ಹಡಗು ನಿಷಿದ್ಧವಾದ ಗಡಿಯೊಳಗೆ ಸಿಲುಕಿ ರಕ್ಷಿಸಿರೆಂದು ಕೂಗುತ್ತದೆ. ಹೋದರೆ ಒಪ್ಪಂದದ ಭಂಗ, ವೈರಿಗಳ ಮುತ್ತಿಗೆ, ತನ್ನವರ ನಾಶ. ಹೋಗದಿದ್ದರೆ ಆ ಹಡಗಿನವರ ಮರಣ. ಗೆಲ್ಲುವ ದಾರಿಯೇ ಇಲ್ಲದಂತೆ ಪರೀಕ್ಷೆಯನ್ನು ರಚಿಸಿದ್ದಾರೆ. ಭಯವನ್ನು ಹೇಗೆ ಹೊರುತ್ತಾನೆಂಬುದನ್ನು ನೋಡುವುದೇ ಉದ್ದೇಶ. ಕಥಾನಾಯಕ ಕರ್ಕನು ಗುಟ್ಟಾಗಿ ಪರೀಕ್ಷೆಯ ಯಂತ್ರವನ್ನೇ ತಿದ್ದಿ ಗೆದ್ದನು, ಅವನ ಸ್ವತಂತ್ರ ಬುದ್ಧಿಗಾಗಿ ಪ್ರಶಂಸೆಯನ್ನೂ ಪಡೆದನು ಎಂದು ಚಿತ್ರದಲ್ಲಿ ಬರುತ್ತದೆ. ಅವನನ್ನು ಜಾಣನೆಂದು ಹೊಗಳುವವರೂ ವಂಚಕನೆಂದು ಜರೆಯುವವರೂ ಇಂದಿಗೂ ಇದ್ದಾರೆ. ಫಲವು ನಿಶ್ಚಿತವಾಗಿದ್ದರೆ ಮಾತ್ರ ಕಾಯಕಕ್ಕೆ ಕೈಹಾಕುವೆನೆಂಬವನ ಪರವಾಗಿ ಹೆಚ್ಚು ಹೇಳುವುದು ಕಷ್ಟ. ಅದೇ ಚಿತ್ರದ ಕೊನೆಯಲ್ಲಿ ಅವನ ಮಿತ್ರ ಸ್ಪಾಕನು ನೌಕೆಯನ್ನುಳಿಸಲು ವಿಕಿರಣದ ಕೋಣೆಯನ್ನು ಹೊಕ್ಕು ಪ್ರಾಣ ಬಿಡುತ್ತಾನೆ. ಯಾವ ಯಂತ್ರವನ್ನೂ ತಿದ್ದಿ ಅದನ್ನು ತಪ್ಪಿಸಲಾಗಲಿಲ್ಲ. ಎರಡು ವರ್ಷಗಳ ಮೇಲೆ ಬಂದ ಮುಂದಿನ ಚಿತ್ರದಲ್ಲಿ ಆತನು ಮರಳಿ ಬದುಕಿದನೆಂಬುದು ಬೇರೆ ಮಾತು. ಕಥೆಗಾರರಿಗೂ ಗಲ್ಲಾಪೆಟ್ಟಿಗೆಯ ಮೋಹ ಬಿಡದು.

ಆಟದಲ್ಲಿ ಈ ಪರೀಕ್ಷೆಗೆ ಕುಳಿತವರಿಗೆ ಎಷ್ಟು ಜನರನ್ನು ಪಾರುಮಾಡಿ ಹಿಂದಿರುಗಬೇಕು, ಎಲ್ಲಿಯವರೆಗೆ ನಿಲ್ಲಬೇಕು ಎಂಬ ಧರ್ಮಸಂಕಟವು ಎದುರಾಗುತ್ತದೆ. ನಾಲ್ವರೂ ಒಂದು ಮನಸ್ಸಿಗೆ ಬರಬೇಕು, ಅದಕ್ಕೆ ಕಾಲವಿಲ್ಲ. ಒಬ್ಬನು ಉಳಿದವರನ್ನು ಬರಿಯ ಅಂಕೆಗಳೆಂದು ಎಣಿಸಿ ಸಾಕು, ಹೊರಡೋಣವೆನ್ನುತ್ತಾನೆ. ಇನ್ನೊಬ್ಬನು ಇನ್ನೊಂದು ಕ್ಷಣ ನಿಲ್ಲೋಣವೆನ್ನುತ್ತಾನೆ. ಹಡಗಿನಲ್ಲಿ ಯಾರೂ ಇಲ್ಲವೆಂಬುದು ಇಬ್ಬರಿಗೂ ಗೊತ್ತು. ಆದರೂ ಇಬ್ಬರ ಸ್ವಭಾವವೂ ಅಲ್ಲಿ ಬಯಲಾಗುತ್ತದೆ. ಕನ್ನಡಿಯೊಳಗಿನ ಮುಖವು ಸುಳ್ಳಾದರೂ ಹಣೆಯ ಮೇಲಿನ ಕಲೆಯು ಸುಳ್ಳಲ್ಲ.

ಹಾಗಾದರೆ ಅಲ್ಲಿ ತೋರಿದ ಕರುಣೆಯು ಕರುಣೆಯೇ? ಇಲ್ಲಿ ವೀರಶೈವ ಸಿದ್ಧಾಂತದ ಒಂದು ಅಂಶವನ್ನು ನೆನೆಯಬೇಕು. ಜಗತ್ತೇ ಹಗ್ಗದ ಹಾವಿನಂತೆ ಮಿಥ್ಯೆಯೆಂಬವರಿಗೆ ಈ ಆಟವೂ ಹೊರಗಿನ ಬೀದಿಯೂ ಅಂತರದಲ್ಲಿ ಹೆಚ್ಚಲ್ಲ. ಒಂದು ಭ್ರಮೆಯೊಳಗೆ ಇನ್ನೊಂದು ಭ್ರಮೆ. ಶಕ್ತಿವಿಶಿಷ್ಟಾದ್ವೈತವು ಹಾಗೆನ್ನುವುದಿಲ್ಲ. ಜಗತ್ತು ಶಿವನ ಶಕ್ತಿಯ ವಿಕಾಸ, ಆದುದರಿಂದ ಸತ್ಯ. ಈ ನಿಲುವಿನಿಂದ ನೋಡಿದರೆ ಎರಡಕ್ಕೂ ನಡುವಣ ಅಂತರವು ಬಹಳ. ದಾಸೋಹಕ್ಕೆ ಹಸಿದವನೊಬ್ಬನು ಇರಲೇಬೇಕು. ಅನ್ನವು ಒಂದು ಹೊಟ್ಟೆಯನ್ನು ತಲುಪಬೇಕು, ನೀಡಿದವನ ಕಣಜದಲ್ಲಿ ಅಷ್ಟು ಕಡಮೆಯಾಗಬೇಕು. ಕೊಬಯಾಶಿ ಮಾರುವಿನಲ್ಲಿ ಹಸಿದವರಿಲ್ಲ. ರಕ್ಷಿಸಿದವನು ಕಳೆದುಕೊಂಡದ್ದೂ ಇಲ್ಲ. ಅಲ್ಲಿಯ ಸಂಕಲ್ಪವು ನಿಜ, ಅದರ ವೆಚ್ಚವು ನಿಜವಲ್ಲ. ಅದು ಕರುಣೆಯ ಪರೀಕ್ಷೆಯಾಗಬಲ್ಲುದು, ಕರುಣೆಯ ಆಚರಣೆಯಾಗಲಾರದು.

ವೆಚ್ಚವೆಂಬುದರ ಅರ್ಥವನ್ನು ಹರಿಹರದವರಿಗೆ ವಿವರಿಸಬೇಕಾಗಿಲ್ಲ. 1941ರಲ್ಲಿ ಇಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಈಗ ಮುಚ್ಚಿದೆ. ಆದರೆ ಅಲ್ಲಿ ತಯಾರಾದ ಲೇತುಗಳ ಹೆಸರು ದೇಶದಲ್ಲೆಲ್ಲ ಹರಡಿತ್ತು. ಲೇತಿನ ಮುಂದೆ ನಿಂತು ದುಡಿದವನು ಬಲ್ಲನು: ತಿರುಗುವ ಕಬ್ಬಿಣದ ಮೇಲೆ ಉಳಿ ಕೂದಲೆಳೆಯಷ್ಟು ಹೆಚ್ಚಾಗಿ ಇಳಿದರೆ ಆ ತುಂಡು ಕೆಟ್ಟಂತೆಯೇ. ಹೆರೆದ ಕಬ್ಬಿಣವು ಮರಳಿ ಅಂಟುವುದಿಲ್ಲ. ಅವನ ಕೈಗೆ ಬಂದ ಎಚ್ಚರವು ಆ ಹಿಂದಿರುಗದ ಕಬ್ಬಿಣದಿಂದ ಬಂದುದು. ಆಟದಲ್ಲಿ ನೌಕೆಯು ಸಿಡಿದರೂ ಅದೇ ನಾಲ್ವರು ಅದೇ ಕುರ್ಚಿಗಳಲ್ಲಿ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ತಪ್ಪಿಗೆ ಅವಕಾಶವಿರುವುದು ಕಲಿಯುವವನಿಗೆ ಒಳ್ಳೆಯದೇ. ವಿಮಾನ ನಡೆಸುವವರೂ ಮೊದಲು ಕೃತಕ ಯಂತ್ರದಲ್ಲಿ ಕುಳಿತೇ ಪಳಗುತ್ತಾರೆ. ಆದರೆ ಅವರು ಪಳಗುವುದು ಮುಂದೆ ನಿಜವಾದ ಆಕಾಶವನ್ನು ಏರಲಿಕ್ಕೆ. ಏರುವ ಆಕಾಶವೇ ಇಲ್ಲದವನು ಪಳಗುತ್ತಲೇ ಇದ್ದರೆ ಮನೆಯವರು ಚಿಂತಿಸುವುದು ಸಹಜ.

ಚಿಂತಿಸುವ ತಂದೆತಾಯಿಗಳು ಇಷ್ಟನ್ನೂ ಗಮನಿಸಬೇಕು. ಈ ವಿದ್ಯೆಯು ಕನ್ನಡ ನಾಡಿನಲ್ಲಿ ಅನೇಕ ಯುವಕ ಯುವತಿಯರ ಜೀವನೋಪಾಯವಾಗಿದೆ. ಚಲಿಸುವ ಚಿತ್ರ ಮತ್ತು ಆಟಗಳ ಉದ್ಯಮಕ್ಕಾಗಿಯೇ ಕರ್ನಾಟಕ ಸರ್ಕಾರವು 2012ರಲ್ಲಿ ನೀತಿಯನ್ನು ರೂಪಿಸಿತು. 2024ರಿಂದ 2029ರವರೆಗಿನ ನೀತಿಯಲ್ಲಿ ಮಿಥ್ಯಾವಾಸ್ತವದ ವಿದ್ಯೆಯೂ ಸೇರಿತು. ನೌಕೆಯನ್ನು ಕಟ್ಟುವವನಿಗೆ ಅದು ಮಿಥ್ಯೆಯಲ್ಲ, ದಿನದ ಕಾಯಕ. ಬಡಗಿಗೆ ಬಯಲಾಟದ ರಂಗವು ಮರವೇ ಹೊರತು ಲಂಕೆಯಲ್ಲ.

ಕೊನೆಗೆ ಆಟದ ಇತಿಹಾಸದಲ್ಲಿಯೇ ಒಂದು ಪ್ರಯೋಗವು ನಡೆದುಹೋಯಿತು. ಮೊದಲು ಹೆಡ್‌ಸೆಟ್ ಇಲ್ಲದೆ ಇದನ್ನು ಆಡುವಂತಿರಲಿಲ್ಲ. 2017ನೆಯ ಡಿಸೆಂಬರಿನಲ್ಲಿ ನಿರ್ಮಾಪಕರು ಆ ನಿಯಮವನ್ನು ಸಡಿಲಿಸಿದರು. ಸಾಮಾನ್ಯ ಪರದೆಯ ಮುಂದೆ ಕುಳಿತವನೂ ಹೆಡ್‌ಸೆಟ್ ಕಟ್ಟಿಕೊಂಡವನೂ ಒಂದೇ ನೌಕೆಯಲ್ಲಿ ಕೂಡಿ ಆಡತೊಡಗಿದರು. ಒಬ್ಬನಿಗೆ ಸುತ್ತಲೂ ನೌಕೆ, ತಲೆಯೆತ್ತಿದರೆ ಚಾವಣಿ, ಬಗ್ಗಿದರೆ ತನ್ನದೇ ಮೊಣಕಾಲು. ಇನ್ನೊಬ್ಬನಿಗೆ ಒಂದು ಚೌಕಟ್ಟಿನೊಳಗಿನ ಚಿತ್ರ ಮಾತ್ರ. ಭ್ರಮೆಯಲ್ಲಿ ಇಬ್ಬರೂ ಸಮಾನರಲ್ಲ. ಆದರೆ ನಾಯಕನು ಶಕ್ತಿಯನ್ನು ಕೇಳಿದಾಗ ಕೊಡಬೇಕಾದ ಹೊಣೆ ಇಬ್ಬರಿಗೂ ಒಂದೇ ಆಗಿತ್ತು, ಹೇಳದೆ ಎದ್ದುಹೋದರೆ ಉಳಿದ ಮೂವರಿಗಾಗುವ ನೋವೂ ಒಂದೇ ಆಗಿತ್ತು.