ಯಾರ ನಾಳೆಗೆ ಯಾರ ಇಂದು?

2015ರ ಜುಲೈ 29ರ ರಾತ್ರಿ. ನ್ಯೂಯಾರ್ಕಿನ ಸಿಟಿ ಫೀಲ್ಡ್‌ನಲ್ಲಿ ಮೆಟ್ಸ್ ಮತ್ತು ಸ್ಯಾನ್ ಡಿಯೇಗೊ ಪ್ಯಾಡ್ರೆಸ್ ತಂಡಗಳ ನಡುವೆ ಬೇಸ್‌ಬಾಲ್ ಪಂದ್ಯ. ಮೆಟ್ಸ್‌ನ ವಿಲ್ಮರ್ ಫ್ಲೋರೆಸ್ ಬ್ಯಾಟು ಹಿಡಿದು ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ರಾತ್ರಿ ಅವರು ಅಂಥ ಸಾಹಸವನ್ನೇನೂ ಮಾಡಿರಲಿಲ್ಲ. ಅದು ಬೀಳ್ಕೊಡುಗೆಯ ಚಪ್ಪಾಳೆ. ಫ್ಲೋರೆಸ್ ಅವರನ್ನು ಮಿಲ್ವಾಕಿಗೆ ಕೊಟ್ಟು ಕಾರ್ಲೋಸ್ ಗೋಮೆಜ್ ಅವರನ್ನು ತರುತ್ತಾರೆ ಎಂಬ ಸುದ್ದಿ ಗ್ಯಾಲರಿಯಲ್ಲಿ ಕೂತವರ ಮೊಬೈಲ್‌ಗೆ ಆಗಲೇ ಬಂದಿತ್ತು. ಯಾರನ್ನು ಕುರಿತ ಸುದ್ದಿಯೋ ಅವರಿಗೇ ಗೊತ್ತಿರಲಿಲ್ಲ. ಪ್ರೇಕ್ಷಕರ ಬಾಯಿಂದಲೇ ತಿಳಿಯಿತು. ಹದಿನಾರನೇ ವಯಸ್ಸಿಗೆ ವೆನೆಜುವೆಲಾದಿಂದ ಬಂದು ಇದೇ ಸಂಸ್ಥೆ ಸೇರಿದ ಹುಡುಗನಿಗೆ ಈಗ ಇಪ್ಪತ್ಮೂರು. ಮತ್ತೆ ಫೀಲ್ಡಿಂಗ್‌ಗೆ ನಿಂತಾಗ ಫ್ಲೋರೆಸ್ ಕಣ್ಣೊರೆಸಿಕೊಳ್ಳುತ್ತಿದ್ದರು. ಟಿವಿ ಕ್ಯಾಮೆರಾ ಅವರ ಮುಖವನ್ನು ಬಿಟ್ಟು ಕದಲಲಿಲ್ಲ.

ಆ ಟ್ರೇಡ್ ನಡೆಯಲೇ ಇಲ್ಲ. ಯಾಕೆ ನಡೆಯಲಿಲ್ಲ ಎನ್ನುವುದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಗ್ಯಾಲರಿಯಲ್ಲಿದ್ದವರ ವಿಷಯ.

ಐಪಿಎಲ್‌ನಲ್ಲಿ ಆಟಗಾರರ ಅದಲು ಬದಲು ನಮಗೂ ಹೊಸದಲ್ಲ. 2009ರಲ್ಲಿ ಜಹೀರ್ ಖಾನ್ ಬೆಂಗಳೂರಿನಿಂದ ಮುಂಬೈಗೆ ಹೋದರು, ಕೊಡಗಿನ ರಾಬಿನ್ ಉತ್ತಪ್ಪ ಮುಂಬೈಯಿಂದ ಬೆಂಗಳೂರಿಗೆ ಬಂದರು. ಆದರೆ ನಮ್ಮಲ್ಲಿ ಈ ಕೊಡು-ಕೊಳ್ಳು ಸಾಮಾನ್ಯವಾಗಿ ಟೂರ್ನಿ ಇಲ್ಲದ ತಿಂಗಳುಗಳಲ್ಲಿ ಮುಗಿದುಹೋಗುತ್ತದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಸಂತೆ ನೆರೆಯುವುದು ಆಟದ ನಟ್ಟನಡುವೆ. ಒಂದು ತಂಡಕ್ಕೆ ವರ್ಷಕ್ಕೆ 162 ಪಂದ್ಯ. ಸುಮಾರು ನೂರು ಮುಗಿಯುವ ಹೊತ್ತಿಗೆ, ಜುಲೈ ಕೊನೆಯ ಆಸುಪಾಸಿನಲ್ಲಿ, ಟ್ರೇಡ್‌ನ ಗಡುವು. ಈ ಗಡುವು ಹುಟ್ಟಿದ್ದೂ ಒಂದು ಜಗಳದಿಂದ. 1922ರ ಜುಲೈನಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ಬಾಸ್ಟನ್‌ನಿಂದ ಜೋ ಡ್ಯೂಗನ್ ಅವರನ್ನು ತಂದುಕೊಂಡಿತು. ಸೇಂಟ್ ಲೂಯಿಸ್ ಬ್ರೌನ್ಸ್ ತಂಡ ಒಂದೇ ಒಂದು ಪಂದ್ಯದ ಅಂತರದಲ್ಲಿ ಯಾಂಕೀಸ್‌ಗಿಂತ ಹಿಂದೆ ಬಿತ್ತು. ದುಡ್ಡಿದ್ದವರು ಋತುವಿನ ಮಧ್ಯೆಯೇ ಪಟ್ಟ ಖರೀದಿಸಿದರು ಎಂದು ಗದ್ದಲವೆದ್ದಿತು. ಮರುವರ್ಷದಿಂದ ಜೂನ್ 15ರ ಗಡಿ ಬಂತು, 1986ರಲ್ಲಿ ಅದು ಜುಲೈ 31ಕ್ಕೆ ಸರಿಯಿತು. ಅಂದರೆ ಈ ಗಡುವು ಮೊದಲು ಬಂದದ್ದು ಬೇಸಿಗೆಯನ್ನು ಕಾಯುವುದಕ್ಕೆ. ಈಗ ಅದೇ ಗಾಳಿಸುದ್ದಿಯ ಸುಗ್ಗಿಯಾಗಿದೆ.

ಆ ಸುಗ್ಗಿಯಲ್ಲಿ 2022ರದ್ದು ಮರೆಯುವಂಥದ್ದಲ್ಲ. ಹುವಾನ್ ಸೊಟೊ, ಡೊಮಿನಿಕನ್ ಗಣರಾಜ್ಯದವರು, ಆಗ ಇಪ್ಪತ್ಮೂರರ ಹರೆಯ. 2019ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಮೊದಲ ಬಾರಿಗೆ ವರ್ಷದ ಪಟ್ಟ ನಿರ್ಧರಿಸುವ ವರ್ಲ್ಡ್ ಸೀರೀಸ್ ಗೆದ್ದಾಗ ಆ ಸರಣಿಯ ಮಧ್ಯದಲ್ಲೇ ಇಪ್ಪತ್ತೊಂದು ತುಂಬಿಸಿಕೊಂಡವರು. ಮೂರೇ ವರ್ಷದಲ್ಲಿ ಆ ಗೆದ್ದ ತಂಡ ಚೂರುಚೂರಾಗಿತ್ತು. ಮ್ಯಾಕ್ಸ್ ಶೆರ್ಜರ್, ಟ್ರೇ ಟರ್ನರ್ ಇಬ್ಬರನ್ನೂ 2021ರ ಗಡುವಿನ ಹೊತ್ತಿಗೆ ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಕೊಟ್ಟಾಗಿತ್ತು. ಸೊಟೊ ಅವರನ್ನು ಕೊಡುವುದಿಲ್ಲ ಎಂದು ಜನರಲ್ ಮ್ಯಾನೇಜರ್ ಮೈಕ್ ರಿಝೊ ಜೂನ್ ಆರಂಭದಲ್ಲಿ ಹೇಳಿದ್ದರು. ಜುಲೈ ನಡುವೆ ಸುದ್ದಿ ಹೊರಬಿತ್ತು: 15 ವರ್ಷಕ್ಕೆ 44 ಕೋಟಿ ಡಾಲರ್ ಕೊಡುತ್ತೇವೆಂದರೂ ಸೊಟೊ ಒಪ್ಪಿಲ್ಲ, ಇನ್ನು ಅವರಿಗೆ ಗಿರಾಕಿ ಹುಡುಕುತ್ತಾರೆ. ಅದಾದ ಎರಡೇ ದಿನಕ್ಕೆ ಅವರು ಚೆಂಡನ್ನು ಬೇಲಿಯಾಚೆ ಹೊಡೆಯುವ ಸ್ಪರ್ಧೆ, ಹೋಮ್ ರನ್ ಡರ್ಬಿ ಗೆದ್ದರು. ಮಾರಾಟಕ್ಕಿಟ್ಟ ಮಾಲು ತಾನೇ ತನ್ನ ಬೆಲೆ ಏರಿಸಿಕೊಂಡಂತಿತ್ತು.

ಎರಡು ವಾರ ಅಭಿಮಾನಿಗಳು ಎರಡು ಬಣವಾಗಿ ಕಿತ್ತಾಡಿದರು. ಒಂದು ಬಣದ ಲೆಕ್ಕ ಹೀಗೆ: ದೊಡ್ಡ ಲೀಗಿನಲ್ಲಿ ಆರು ವರ್ಷ ತುಂಬುವ ತನಕ ಆಟಗಾರ ತಂಡದ ಹಿಡಿತದಲ್ಲಿ; ಸೊಟೊ ಅವರ ಆ ಅವಧಿ 2024ಕ್ಕೆ ಮುಗಿಯುತ್ತದೆ. ಆಮೇಲೆ ಬಿಡಿಗಾಸೂ ಸಿಗದೆ ಕೈಬಿಟ್ಟು ಹೋಗುವುದಕ್ಕಿಂತ, ಎರಡೂವರೆ ಋತು ಬಾಕಿ ಇರುವಾಗಲೇ ಕೊಟ್ಟು ನಾಲ್ಕೈದು ಎಳೆಯ ಪ್ರತಿಭೆಗಳನ್ನು ಪಡೆಯುವುದು ಜಾಣತನ. ಇನ್ನೊಂದು ಬಣದ ಮಾತು ಚಿಕ್ಕದು: ಇಂಥವನನ್ನೇ ಉಳಿಸಿಕೊಳ್ಳದ ಮೇಲೆ ತಂಡ ಯಾಕೆ ಬೇಕು? ಮೊದಲನೆಯವರಿಗೆ ಎರಡನೆಯವರು ಭಾವುಕರು, ಎರಡನೆಯವರಿಗೆ ಮೊದಲನೆಯವರು ಶಾನುಭೋಗರು.

ಈ ಜಗಳವನ್ನು ತಲೆ ಮತ್ತು ಹೃದಯದ ಜಗಳ ಎನ್ನುವುದು ರೂಢಿ. ನನಗೆ ಹಾಗನ್ನಿಸುವುದಿಲ್ಲ. ಎರಡೂ ಕಡೆಯವರು ಲೆಕ್ಕವನ್ನೇ ಹಾಕುತ್ತಿದ್ದಾರೆ. ಆದರೆ ಬೇರೆ ಬೇರೆಯವರ ಗಡಿಯಾರ ನೋಡಿಕೊಂಡು ಹಾಕುತ್ತಿದ್ದಾರೆ.

ಟ್ರೇಡ್‌ನಲ್ಲಿ ಕೈ ಬದಲಾಗುವುದು ಏನು ಎಂದು ಕೇಳಿಕೊಂಡರೆ ಇದು ತಿಳಿಯುತ್ತದೆ. ಅಲ್ಲಿ ಕೊಟ್ಟು ತೆಗೆದುಕೊಳ್ಳುವುದು ವರ್ಷಗಳನ್ನು: ಪಳಗಿದವನ ಎರಡೂವರೆ ವರ್ಷ ಒಂದು ತಕ್ಕಡಿಗೆ, ಇನ್ನೂ ಕಣ್ಣುಬಿಡುತ್ತಿರುವ ಹುಡುಗರ ಆರಾರು ವರ್ಷ ಇನ್ನೊಂದು ತಕ್ಕಡಿಗೆ. ಕಿರಿಯ ಲೀಗಿನ ಹುಡುಗರನ್ನು ಬೆಳೆಸುವ ವ್ಯವಸ್ಥೆಗೆ ಅಮೆರಿಕನ್ನರು ‘ಫಾರ್ಮ್’ ಎಂದೇ ಕರೆಯುತ್ತಾರೆ. ನಮ್ಮ ಮಾತಿನಲ್ಲಿ ಹೊಲ. ಕರೆಯುವ ಹಸುವನ್ನು ಕೊಟ್ಟು ಕರುಗಳನ್ನು ಹೊಡೆದುಕೊಂಡು ಬರುವ ವ್ಯಾಪಾರ ಇದು. ಕರುಗಳಲ್ಲಿ ಯಾವುದು ಹಾಲಿಗೆ ಬರುತ್ತದೆ, ಯಾವುದು ಬರಡಾಗುತ್ತದೆ ಎಂಬುದು ಸಂತೆಯ ದಿನ ಯಾರಿಗೂ ಗೊತ್ತಿರುವುದಿಲ್ಲ. ಆದರೂ ಅಭಿಮಾನಿ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿ, 2027ರ ಹನ್ನೊಂದರ ಪಟ್ಟಿ ಮಾಡುವ ನಮ್ಮ ಕ್ರಿಕೆಟ್ ಹುಚ್ಚರ ಹಾಗೆಯೇ, ಒಂಬತ್ತು ಜನರ ಪಟ್ಟಿ ಬರೆದು ಜೇಬಿನಲ್ಲಿಟ್ಟುಕೊಳ್ಳುತ್ತಾನೆ.

ಇಲ್ಲಿ ಮೂರು ಕಾಲಗಳಿವೆ. ಕ್ಲಬ್ಬಿಗೆ ಕಾಲ ಮುಗಿಯುವುದಿಲ್ಲ. ಮಾಲೀಕರು ಬದಲಾದರೂ ಸಂಸ್ಥೆ ಇರುತ್ತದೆ, ಈ ವರ್ಷ ಸೋತರೆ ಇನ್ನೈದು ವರ್ಷಕ್ಕೆ ನೋಡೋಣ ಎನ್ನಬಹುದು. ಆಟಗಾರನಿಗೆ ಮೈ ಗಟ್ಟಿಯಿರುವ ಹತ್ತು, ಹದಿನೈದು ವರ್ಷ. ಅಭಿಮಾನಿಗೆ ಇರುವುದು ಬದುಕಿರುವಷ್ಟು ಬೇಸಿಗೆ. ಎಪ್ಪತ್ತು ದಾಟಿದ ಅಜ್ಜನಿಗೆ ಐದು ವರ್ಷ ಕಾಯಿ ಎನ್ನುವುದು ಸಣ್ಣ ಮಾತಲ್ಲ. ಎಂಟು ವರ್ಷದ ಮಗುವಿಗೂ ಅಷ್ಟೇ: ಹದಿಮೂರಾಗುವ ಹೊತ್ತಿಗೆ ಅದು ಈಗಿನ ಮಗುವಾಗಿರುವುದಿಲ್ಲ, ಗೋಡೆಗೆ ಅಂಟಿಸಿದ ನೆಚ್ಚಿನ ಆಟಗಾರನ ಚಿತ್ರ ಎಂದೋ ಕಳಚಿ ಬಿದ್ದಿರುತ್ತದೆ.

ಅಭಿಮಾನಿ ಎಡವುವುದು ಇಲ್ಲೇ. ಗಾಳಿಸುದ್ದಿ ಕಿವಿಗೆ ಬಿದ್ದ ಕೂಡಲೇ ತನ್ನ ಗಡಿಯಾರ ಕಳಚಿಟ್ಟು ಕ್ಲಬ್ಬಿನದನ್ನು ಕಟ್ಟಿಕೊಳ್ಳುತ್ತಾನೆ. ‘ನಾವು ಈಗಲೇ ಮಾರಬೇಕು’ ಎನ್ನುತ್ತಾನೆ. ಈ ‘ನಾವು’ ಯಾರು? ತಮಿಳಿನಲ್ಲಿ ಕೇಳುವವರನ್ನೂ ಸೇರಿಸಿಕೊಳ್ಳುವ ‘ನಾಮ್’ ಬೇರೆ, ಬಿಟ್ಟು ಹೇಳುವ ‘ನಾಂಗಳ್’ ಬೇರೆ. ತೆಲುಗಿನಲ್ಲಿ ‘ಮನಂ’ ಬೇರೆ, ‘ಮೇಮು’ ಬೇರೆ. ಇಂದಿನ ಕನ್ನಡಕ್ಕೆ ಆ ಸೌಕರ್ಯವಿಲ್ಲ, ಇಂಗ್ಲಿಷಿಗೂ ಇಲ್ಲ. ಗೆದ್ದಾಗ ಕ್ಲಬ್ಬು ಹೇಳುವ ‘ನಾವು’ ಅಭಿಮಾನಿಯನ್ನು ಒಳಗೆ ಕರೆದುಕೊಳ್ಳುತ್ತದೆ. ಮಾರುವ ಕೋಣೆಯಲ್ಲಿ ಹೇಳುವ ‘ನಾವು’ ಅವನನ್ನು ಬಾಗಿಲ ಹೊರಗೆ ನಿಲ್ಲಿಸಿರುತ್ತದೆ. ಎರಡೂ ಒಂದೇ ಪದವಾದ್ದರಿಂದ ಹೊರಗೆ ನಿಂತವನಿಗೆ ತಾನು ಹೊರಗಿದ್ದೇನೆಂದು ಗೊತ್ತಾಗುವುದಿಲ್ಲ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ನಾಳೆಯನ್ನು ಯೋಚಿಸುವುದು ತಪ್ಪೇ? ಬಿತ್ತನೆ ಬೀಜವನ್ನೇ ಬೇಯಿಸಿ ಉಂಡ ರೈತ ಉದ್ಧಾರವಾದದ್ದುಂಟೇ? 2004ರ ಜುಲೈ 31ರಂದು ಬಾಸ್ಟನ್ ರೆಡ್ ಸಾಕ್ಸ್ ತಂಡ ತನ್ನೂರಿನ ಕಣ್ಮಣಿ ನೋಮಾರ್ ಗಾರ್ಸಿಯಾಪಾರಾ ಅವರನ್ನೇ ಶಿಕಾಗೊಗೆ ಕೊಟ್ಟುಬಿಟ್ಟಿತು. ಊರು ಗೋಳಾಡಿತು. ಅದೇ ಅಕ್ಟೋಬರ್‌ನಲ್ಲಿ, 86 ವರ್ಷಗಳ ಬಳಿಕ, ಬಾಸ್ಟನ್ ವರ್ಲ್ಡ್ ಸೀರೀಸ್ ಗೆದ್ದಿತು. ಅಭಿಮಾನಿಯ ಕಣ್ಣೀರಿಗೆ ಮಣಿದಿದ್ದರೆ ಆ ಗೆಲುವು ಬರುತ್ತಿತ್ತೇ?

ಬರುತ್ತಿರಲಿಲ್ಲವೇನೋ. ಆದರೆ ಈ ಉದಾಹರಣೆ ನನ್ನ ವಾದದ ಕಡೆಗೇ ವಾಲುತ್ತದೆ. ಗಾರ್ಸಿಯಾಪಾರಾ ಅವರ ಕರಾರು ಆ ವರ್ಷವೇ ಮುಗಿಯುವುದಿತ್ತು. ಬದಲಿಗೆ ಬಂದ ಒರ್ಲಾಂಡೊ ಕಬ್ರೆರಾ ಮತ್ತು ಡಗ್ ಮಿಂಟ್ಕೆವಿಚ್ ಆ ವರ್ಷದ ಫೀಲ್ಡಿಂಗ್ ಬಿಗಿ ಮಾಡಲೆಂದೇ ಬಂದವರು. ಅಲ್ಲಿ ಇಂದಿಗೆ ಇಂದೇ ವಿನಿಮಯವಾಯಿತು. ಅಭಿಮಾನಿಯ ಪ್ರೀತಿಗೆ ಪೆಟ್ಟು ಬಿತ್ತು, ಅವನ ಬೇಸಿಗೆಯನ್ನು ಯಾರೂ ಕಸಿಯಲಿಲ್ಲ. ವಾಷಿಂಗ್ಟನ್‌ನಲ್ಲಿ ಕೊನೆಗೆ ಸೊಟೊ ಅವರನ್ನು ಕೊಟ್ಟಾಗ ಕಸಿದದ್ದು ಬೇಸಿಗೆಯನ್ನೇ. ಬಿತ್ತುವ ರೈತನ ಹೋಲಿಕೆಯೂ ಇಲ್ಲೇ ಮುಗ್ಗರಿಸುತ್ತದೆ. ಬೀಜ ಉಳಿಸುವ ರೈತ ತಾನೇ ಅರೆಹೊಟ್ಟೆ ಮಲಗುತ್ತಾನೆ. ಕ್ಲಬ್ಬು ಬೀಜ ಉಳಿಸಿದಾಗ ಹಸಿಯುವವನು ಗ್ಯಾಲರಿಯಲ್ಲಿ ಕೂತಿರುತ್ತಾನೆ, ಟಿಕೆಟ್ಟಿಗೆ ದುಡ್ಡನ್ನೂ ಕೊಟ್ಟಿರುತ್ತಾನೆ.

ಹಾಗಾಗಿ ಮಾರಲೇಬಾರದು ಎಂದು ನಾನು ಹೇಳುತ್ತಿಲ್ಲ. ಮಾರುವುದು ಕ್ಲಬ್ಬಿಗೆ ಸರಿಯಿರಬಹುದು. ಆ ಸರಿಯನ್ನು ಅಭಿಮಾನಿ ತನ್ನದೆಂದು ಹೊತ್ತುಕೊಳ್ಳಬೇಕಾಗಿಲ್ಲ ಎಂಬುದಷ್ಟೇ ನನ್ನ ಮಾತು. ಲೆಕ್ಕ ಬರೆಯಲು ಕ್ಲಬ್ಬಿಗೆ ಸಂಬಳದ ಜನರಿದ್ದಾರೆ. ಈ ಬೇಸಿಗೆಯ ಪರವಾಗಿ ಬಾಯಿ ತೆರೆಯಲು ಇರುವವನು ಅಭಿಮಾನಿಯೊಬ್ಬನೇ. ಅವನೂ ಶಾನುಭೋಗನಾದರೆ ಆ ಕಡೆಯ ವಾದ ಮಂಡಿಸುವವರೇ ಇಲ್ಲ.

ಇನ್ನು ಮೂರನೆಯವರು, ಆಟಗಾರರು. 44 ಕೋಟಿ ಬೇಡವೆಂದ ಸೊಟೊ ಅವರನ್ನು ದುರಾಸೆಯವರೆಂದು ಬೈದವರಿದ್ದರು. ತಂಡ ಆಟಗಾರನನ್ನು ಬಿಟ್ಟರೆ ಅದು ದೂರದೃಷ್ಟಿ, ಆಟಗಾರ ತಂಡವನ್ನು ಬಿಟ್ಟರೆ ದ್ರೋಹ. ಮಾಡುವ ಕೆಲಸ ಒಂದೇ, ಹೆಸರು ಎರಡು. ಈ ಎರಡು ನಾಲಿಗೆಯನ್ನು ಬಹಿರಂಗವಾಗಿ ಪ್ರಶ್ನಿಸಿದವರು ಕರ್ಟ್ ಫ್ಲಡ್. ಹನ್ನೆರಡು ಋತು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಆಡಿದ ಅವರನ್ನು 1969ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾಗೆ ಕೊಟ್ಟಾಗ, ಕ್ರಿಸ್‌ಮಸ್ ಮುನ್ನಾದಿನ ಅವರು ಕಮಿಷನರ್ ಬೋವಿ ಕೂನ್ ಅವರಿಗೆ ಪತ್ರ ಬರೆದರು: ನನ್ನ ಇಚ್ಛೆ ಕೇಳದೆ ಕೊಂಡು ಮಾರಲು ನಾನೊಂದು ಆಸ್ತಿಯಲ್ಲ ಎಂಬುದು ಅದರ ಸಾರ. 1970ರ ಇಡೀ ಋತು ಆಡದೆ ಕೂತರು. ಹೂಡಿದ ಮೊಕದ್ದಮೆಯನ್ನು 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 5-3ರಿಂದ ಸೋತರು. ಆದರೆ ಹತ್ತು ವರ್ಷ ದೊಡ್ಡ ಲೀಗಿನಲ್ಲಿ, ಅದರಲ್ಲಿ ಕೊನೆಯ ಐದು ಒಂದೇ ತಂಡದಲ್ಲಿ ಆಡಿದವರು ಟ್ರೇಡ್ ಒಲ್ಲೆ ಎನ್ನಬಹುದೆಂಬ ನಿಯಮ ಅವರ ಹೋರಾಟದ ಬೆನ್ನಿಗೇ ಬಂತು.

ಅಂಥ ‘ಒಲ್ಲೆ’ಯ ಬೆಲೆ 2022ರ ಆಗಸ್ಟ್ 2ರಂದು ಕಣ್ಣಿಗೆ ಕಂಡಿತು. ಗಡುವು ಮುಗಿಯಲು ಗಂಟೆಗಳಿರುವಾಗ ಸೊಟೊ ಮತ್ತು ಜೋಶ್ ಬೆಲ್ ಇಬ್ಬರನ್ನೂ ನ್ಯಾಷನಲ್ಸ್ ಪ್ಯಾಡ್ರೆಸ್‌ಗೆ ಕೊಟ್ಟಿತು. ಬದಲಿಗೆ ಹೋಗಬೇಕಾದವರಲ್ಲಿ ಎರಿಕ್ ಹಾಸ್ಮರ್ ಕೂಡ ಇದ್ದರು. ಇಂತಿಂಥ ತಂಡಗಳಿಗೆ ಹೋಗಲಾರೆ ಎಂಬ ಪಟ್ಟಿ ಅವರ ಕರಾರಿನಲ್ಲಿತ್ತು, ವಾಷಿಂಗ್ಟನ್ ಆ ಪಟ್ಟಿಯಲ್ಲಿತ್ತು. ಅವರು ಒಲ್ಲೆ ಎಂದರು. ಅವರ ಜಾಗಕ್ಕೆ ಲ್ಯೂಕ್ ವಾಯ್ಟ್ ಹೋದರು. ಆ ದೊಡ್ಡ ವ್ಯಾಪಾರದಲ್ಲಿ ‘ನಿನಗೆ ಒಪ್ಪಿಗೆಯೇ?’ ಎಂದು ಕೇಳಿದ್ದು ಕರಾರಿನ ಕಾಗದ ಕೈಯಲ್ಲಿದ್ದ ಹಾಸ್ಮರ್ ಅವರನ್ನು. ಸೊಟೊ ಅವರನ್ನು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ.

ಆಮೇಲೆ ಯಾರು ಗೆದ್ದರು? ವಾಷಿಂಗ್ಟನ್‌ಗೆ ಬಂದ ಹುಡುಗರಲ್ಲಿ ಸಿ.ಜೆ. ಏಬ್ರಮ್ಸ್, ಮೆಕೆಂಜಿ ಗೋರ್, ಜೇಮ್ಸ್ ವುಡ್ ಮೂವರೂ ಲೀಗಿನ ಶ್ರೇಷ್ಠರ ಆಲ್-ಸ್ಟಾರ್ ತಂಡಕ್ಕೆ ಆಯ್ಕೆಯಾದರು. ಕರುಗಳು ಹಾಲಿಗೆ ಬಂದವು. ಆದರೂ 2025ರಲ್ಲಿ ತಂಡ 96 ಪಂದ್ಯ ಸೋತಿತು, ಜುಲೈನಲ್ಲಿ ರಿಝೊ ಅವರನ್ನೇ ಮನೆಗೆ ಕಳಿಸಿತು. ಪ್ಯಾಡ್ರೆಸ್ 2022ರಲ್ಲಿ ವರ್ಲ್ಡ್ ಸೀರೀಸ್‌ನ ಹೊಸ್ತಿಲ ತನಕ ಹೋಗಿ ಮರಳಿತು, ಮರುವರ್ಷ ಸೊಟೊ ಅವರನ್ನು ಯಾಂಕೀಸ್‌ಗೆ ದಾಟಿಸಿತು. ಸೊಟೊ 2024ರ ಡಿಸೆಂಬರ್‌ನಲ್ಲಿ ಮೆಟ್ಸ್ ಜೊತೆ 15 ವರ್ಷಕ್ಕೆ 76.5 ಕೋಟಿ ಡಾಲರ್‌ಗೆ ಸಹಿ ಹಾಕಿದರು. ದುಡ್ಡಿನ ಲೆಕ್ಕದಲ್ಲಿ ತಪ್ಪು ಮಾಡದವರು ಅವರೊಬ್ಬರೇ. ಅಂದು ಮಾರಿ ಎಂದವರೂ ಬೇಡವೆಂದವರೂ ನಾಳೆಯ ವಿಷಯದಲ್ಲಿ ಅರ್ಧರ್ಧ ಸರಿ. 2022, 2023, 2024ರ ಬೇಸಿಗೆಗಳು ಹೋದದ್ದರ ಬಗ್ಗೆ ಮಾತ್ರ ವಿವಾದವಿಲ್ಲ.

ಈಗ ಫ್ಲೋರೆಸ್ ಕತೆಗೆ. ಜನರ ಪ್ರೀತಿ ಆ ಟ್ರೇಡನ್ನು ತಡೆಯಿತು ಎಂದು ಮುಗಿಸಿದರೆ ಚಂದವಿತ್ತು. ಆದರೆ ತಡೆದದ್ದು ಒಂದು ವೈದ್ಯಕೀಯ ವರದಿ. ಗೋಮೆಜ್ ಅವರ ಸೊಂಟದ ಕೀಲಿನ ಬಗ್ಗೆ ಮೆಟ್ಸ್‌ಗೆ ಅನುಮಾನ ಬಂದು ಮಾತುಕತೆ ಮುರಿಯಿತೆಂದು ಆಗ ವರದಿಯಾಯಿತು. ವೈದ್ಯಕೀಯ ವರದಿ ಸರಿಯಿದ್ದಿದ್ದರೆ ಫ್ಲೋರೆಸ್ ಬೆಳಗ್ಗೆ ಚೀಲ ಕಟ್ಟಬೇಕಿತ್ತು. ಕಣ್ಣೀರು, ಚಪ್ಪಾಳೆ ಯಾವುದೂ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಎರಡು ದಿನ ಬಿಟ್ಟು, ಜುಲೈ 31ರಂದು, ಅದೇ ಮೈದಾನದಲ್ಲಿ ವಾಷಿಂಗ್ಟನ್ ವಿರುದ್ಧ ಪಂದ್ಯ ಹನ್ನೆರಡನೇ ಇನಿಂಗ್ಸ್‌ಗೆ ಎಳೆಯಿತು. ಫ್ಲೋರೆಸ್ ಚೆಂಡನ್ನು ಬೇಲಿಯಾಚೆ ಹೊಡೆದು ಪಂದ್ಯ ಮುಗಿಸಿದರು. ಹೋಮ್ ಪ್ಲೇಟ್ ಹತ್ತಿರ ಬರುತ್ತ ಅಂಗಿಯ ಎದೆಯ ಮೇಲಿನ ‘ಮೆಟ್ಸ್’ ಎಂಬ ಅಕ್ಷರಗಳನ್ನು ಮುಷ್ಟಿಯಲ್ಲಿ ಹಿಡಿದು ಎಳೆದರು. ಎದ್ದು ನಿಂತು ಕೂಗಿದ ಜನರಲ್ಲಿ, ಎರಡು ದಿನದ ಹಿಂದೆ ‘ನಾವು ಇವನನ್ನು ಕೊಟ್ಟರೂ ಪರವಾಗಿಲ್ಲ’ ಎಂದವರೂ ಇದ್ದಿರಬೇಕು. ಆ ರಾತ್ರಿ ಅವರು ಯಾರ ನಾಳೆಯನ್ನೂ ಲೆಕ್ಕ ಹಾಕುತ್ತಿರಲಿಲ್ಲ. ತಮ್ಮ ಗಡಿಯಾರವನ್ನು ತಾವೇ ಕಟ್ಟಿಕೊಂಡಿದ್ದರು.